ಬೇರಿಳಿಯದ ಬೆಸುಗೆ

ಕುರ್ಚಿಯಲ್ಲಿ ಕೂರುವ ಮುನ್ನ ಬಗ್ಗಿ ಅದರ ಅಡಿಯನ್ನು ನೋಡುವ ಅಭ್ಯಾಸ ನನಗಿದೆ. ಮದುವೆ ಮನೆಯ ಊಟದ ಬೆಂಚು, ತಹಸೀಲ ಕಚೇರಿಯ ಪಡಸಾಲೆಯ ಆಸನ, ಆಳಂದದ ಬಸ್ ನಿಲ್ದಾಣದ ಕಬ್ಬಿಣದ ಪೀಠ, ಯಾವುದಾದರೂ ಸರಿ. ಐವತ್ತು ದಾಟಿದ ಕಾಲೇಜು ಉಪನ್ಯಾಸಕಿಯೊಬ್ಬಳು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೀಗೆ ಬಗ್ಗಿದರೆ ಸುತ್ತಲಿನವರೂ ಬಗ್ಗುತ್ತಾರೆ. ಏನೋ ಬಿದ್ದಿರಬೇಕೆಂದು ನೆಲವನ್ನು ತಡಕುತ್ತಾರೆ. ಒಮ್ಮೆ ಗಾಣಗಾಪುರದಲ್ಲಿ, ಯಾತ್ರಿಕರನ್ನು ಸಾಲಿನಲ್ಲಿ ನಿಲ್ಲಿಸುವ ಕಂಬಿಗಳ ಬುಡವನ್ನು ನಾನು ಬಗ್ಗಿ ಪರೀಕ್ಷಿಸುತ್ತಿದ್ದೆ. ಹಿಂದಿದ್ದ ಅಜ್ಜಿಯೊಬ್ಬರು ನಾನು ನಮಸ್ಕರಿಸುತ್ತಿದ್ದೇನೆಂದು ಭಾವಿಸಿ ತಾವೂ ಆ ಕಂಬಿಗೆ ಹಣೆ ಮುಟ್ಟಿಸಿದರು. ಅವರ ಹಿಂದಿನವರೂ ಮುಟ್ಟಿಸಿದರು. ಮೂಢನಂಬಿಕೆಯ ವಿರುದ್ಧ ನಾನು ಮಾಡಿದ ಭಾಷಣಗಳನ್ನೆಲ್ಲ ಕೇಳಿ ದಣಿದಿರುವ ಗೆಳತಿಯರು ಈ ಸಂಗತಿಯನ್ನು ನನಗೆ ಮರೆಯಗೊಡುವುದಿಲ್ಲ.

ನಾನು ಹುಡುಕುವುದು ಬೆಸುಗೆಯ ಬೆನ್ನನ್ನು. ಎರಡು ಕಬ್ಬಿಣದ ತುಂಡುಗಳನ್ನು ವೆಲ್ಡಿಂಗ್ ಮಾಡಿ ಕೂಡಿಸಿದಾಗ ಮೇಲ್ಭಾಗದಲ್ಲಿ ಮೀನಿನ ಹುರುಪೆಯಂತೆ ಸಣ್ಣ ಸಣ್ಣ ಅಲೆಗಳು ಮೂಡುತ್ತವೆ. ಜನ ನೋಡುವುದು ಅದನ್ನೇ, ಮೆಚ್ಚುವುದೂ ಅದನ್ನೇ. ಆದರೆ ಕರಗಿದ ಲೋಹವು ಎರಡೂ ತುಂಡುಗಳ ಅಂಚುಗಳನ್ನು ತಿಂದು, ತಳದವರೆಗೆ ಇಳಿದು, ಹಿಂಬದಿಯಲ್ಲೊಂದು ಸಣ್ಣ ಉಬ್ಬುಗೆರೆಯಾಗಿ ಕಾಣಿಸಿಕೊಳ್ಳದಿದ್ದರೆ ಅವು ಕೂಡಿಯೇ ಇಲ್ಲ. ಇಬ್ಬರು ಅಪರಿಚಿತರು ಒಂದೇ ಕಂಬಳಿ ಹೊದ್ದು ಕೂತ ಹಾಗೆ ಇರುತ್ತವೆ, ಅಷ್ಟೆ. ಇದನ್ನು ಬಲ್ಲವರು ಪೆನಿಟ್ರೇಶನ್ ಎನ್ನುತ್ತಾರೆ. ಆಳಂದದಲ್ಲಿ, ತೊಗರಿ ಬೇಳೆಯ ಮಿಲ್ಲುಗಳ ಸಾಲಿನ ಕೊನೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ನನ್ನ ಅಪ್ಪ ಅದಕ್ಕೆ ‘ಬೇರು’ ಎನ್ನುತ್ತಿದ್ದರು. “ಬೇರ ಇಳದದೇನು ನೋಡು” ಎಂಬುದು ಅವರ ಮಾತು. ಕೂರಿಗೆ, ಟ್ರಾಲಿ, ಮಿಲ್ಲಿನ ಜರಡಿಯ ಚೌಕಟ್ಟು, ಏನೇ ಕೈಗೆ ಬಂದರೂ ಮೊದಲು ಅದನ್ನು ಬೋರಲು ಹಾಕುತ್ತಿದ್ದರು.

ಅಪ್ಪನ ಕಣ್ಣುಗಳ ಬಗ್ಗೆ ಇಲ್ಲಿಯೇ ಒಂದು ಮಾತು ಹೇಳದೆ ಮುಂದೆ ಹೋದರೆ ಅದು ನನ್ನ ಪಾಲಿನ ಅನ್ಯಾಯವಾಗುತ್ತದೆ. ಬೆಸುಗೆಯ ಉರಿಬೆಳಕಿಗೆ ಅಡ್ಡವಾಗಿ ಅವರ ಬಳಿ ಇದ್ದದ್ದು ಜಾತ್ರೆಯಲ್ಲಿ ಕೊಂಡ ತಂಪು ಕನ್ನಡಕ. ಸಂಜೆ ಮನೆಗೆ ಬಂದರೆ ಕಣ್ಣಲ್ಲಿ ಮರಳು ಸುರಿದಂತಾಗಿ ನೀರು ಇಳಿಯುತ್ತಿತ್ತು. ಅವ್ವ ಆಲೂಗಡ್ಡೆಯ ಹೋಳುಗಳನ್ನು ರೆಪ್ಪೆಯ ಮೇಲಿಟ್ಟು ಬಟ್ಟೆ ಕಟ್ಟುತ್ತಿದ್ದಳು. ಆ ದಿನಗಳಲ್ಲಿ ನಮ್ಮ ಮನೆಯ ಪಲ್ಯದಲ್ಲಿ ಆಲೂಗಡ್ಡೆ ಯಾವಾಗಲೂ ಒಂದು ಹಿಡಿ ಕಡಿಮೆ. ದುಡಿಯುವವರ ಕಣ್ಣಿಗೆ ಬೆಲೆ ಇಲ್ಲದ ವ್ಯವಸ್ಥೆ ಎಂಬ ನುಡಿಯನ್ನು ನಾನು ಮುಂದೆ ಅನೇಕ ಮನವಿಪತ್ರಗಳಲ್ಲಿ ಬಳಸಿದ್ದೇನೆ. ಅದರ ಹಿಂದೆ ಆ ಹೋಳುಗಳು ಇವೆ.

ಅಪ್ಪ ಬಸವಣ್ಣನವರ ವಚನಗಳನ್ನು ಬಾಯಲ್ಲಿ ಹೇಳಿದ್ದು ಕಡಿಮೆ. ಮಗಳ ಕೈಗೆ ವೆಲ್ಡಿಂಗಿನ ಹೋಲ್ಡರ್ ಕೊಟ್ಟದ್ದು ಹೆಚ್ಚಿನ ಮಾತು ಎಂದು ಈಗ ಅನ್ನಿಸುತ್ತದೆ. ನನಗಾಗ ಹದಿನಾಲ್ಕು. ಹೋಲ್ಡರಿಗೆ ಬೆಸುಗೆಯ ಕಡ್ಡಿ ಸಿಕ್ಕಿಸಿ, ನಾಲ್ಕು ಕಾಲಿನ ಒಂದು ಸ್ಟೂಲನ್ನು ಸ್ವತಃ ಬೆಸೆದೆ. ಅಲೆಗಳು ಎಷ್ಟು ಸಮನಾಗಿ ಬಂದಿದ್ದವೆಂದರೆ ರಾತ್ರಿ ಅದನ್ನು ಹಾಸಿಗೆಯ ಪಕ್ಕ ಇಟ್ಟುಕೊಂಡು ಮಲಗಿದೆ. ಅಪ್ಪ ಬೋರಲು ಹಾಕಿ ನೋಡಿ, “ಮ್ಯಾಲ ಚಂದ ಅದವ್ವ. ಕೈ ಭಾಳ ಓಡಿಸಿದಿ. ಒಳಗ ಹೋಗೇ ಇಲ್ಲ” ಎಂದರು. ಅದನ್ನು ನಾನು ಹೆಣ್ಣಿನ ಸಾಮರ್ಥ್ಯದ ಮೇಲಿನ ಅವಿಶ್ವಾಸವೆಂದು ವ್ಯಾಖ್ಯಾನಿಸಿ, ಮರುವಾರ ಶಾಲೆಯ ಭಾಷಣ ಸ್ಪರ್ಧೆಗೆ ಆ ಸ್ಟೂಲನ್ನೇ ಸಾಕ್ಷಿಯಾಗಿ ಹೊತ್ತೊಯ್ದೆ. ಸ್ತ್ರೀ ಸಮಾನತೆಯ ಕುರಿತು ಬೆಂಕಿಯಂತೆ ಮಾತಾಡಿದೆ. ತೀರ್ಪುಗಾರರಾಗಿ ಬಂದಿದ್ದ ಮಾಸ್ತರರು ಭಾವುಕರಾಗಿ ಸ್ಟೂಲಿನ ಮೇಲೆ ಕುಳಿತರು. ಮೊದಲ ಬಹುಮಾನವನ್ನು ಅವರು ನೆಲದ ಮೇಲಿಂದಲೇ ಘೋಷಿಸಿದರು.

ಇಷ್ಟೆಲ್ಲ ನೆನಪಾದದ್ದಕ್ಕೆ ಒಂದು ಮೆಟ್ಟಿಲು ಕಾರಣ. ನೆಲೋಗಿಯಲ್ಲಿ ಬಸ್ಸು ಬದಲಿಸಿ ಹೋಗುವ, ಭೀಮೆಯ ದಂಡೆಗೆ ಹತ್ತಿರದ ಒಂದು ಹಳ್ಳಿಯ ಶಾಲೆಯ ಮೆಟ್ಟಿಲು. ಹೆಸರು ಹಿಡಿದೇ ತಪ್ಪನ್ನು ಹೇಳಬೇಕೆನ್ನುವವಳು ನಾನು. ಆದರೆ ಊರಿನ ಹೆಸರು ಬರೆಯಬೇಡಿರೆಂದು ಅಲ್ಲಿನ ಮುಖ್ಯೋಪಾಧ್ಯಾಯಿನಿ ಕಮಲಾಬಾಯಿಯವರು ಕೈ ಹಿಡಿದು ಕೇಳಿದ್ದಾರೆ. ಆ ಶಾಲೆಯ ಸಮಿತಿಯಲ್ಲಿ ನಾನೂ ಒಬ್ಬಳು. ಜೇವರ್ಗಿಯಲ್ಲಿ ಪಾಠ ಮುಗಿಸಿ ತಿಂಗಳಿಗೊಮ್ಮೆಯಾದರೂ ಅಲ್ಲಿಗೆ ಹೋಗುತ್ತೇನೆ.

ಆ ಶಾಲೆಯ ಗ್ರಂಥಾಲಯ ಮಾಳಿಗೆಯ ಮೇಲಿದೆ. ಕಟ್ಟಿದವರು ಕೋಣೆ ಕಟ್ಟಿದರು, ಮೆಟ್ಟಿಲು ಕಟ್ಟಲಿಲ್ಲ. ಮರದ ಏಣಿಯೊಂದನ್ನು ಒರಗಿಸಲಾಗಿತ್ತು. ಗಂಡುಹುಡುಗರು ಏಣಿ ಹತ್ತಿ ಪುಸ್ತಕ ತರುತ್ತಿದ್ದರು. ಲಂಗ ತೊಟ್ಟ ಹುಡುಗಿಯರು ಕೆಳಗೆ ನಿಂತು, ತಮಗೆ ಬೇಕಾದ ಪುಸ್ತಕದ ಹೆಸರನ್ನು ಕೂಗಿ ಹೇಳುತ್ತಿದ್ದರು. ಹುಡುಗರು ತಮಗೆ ಕಂಡದ್ದನ್ನು ತಂದು ಕೊಡುತ್ತಿದ್ದರು. ಏಣಿ ಹತ್ತುವ ಹುಡುಗಿಯನ್ನು ಕೆಳಗಿನಿಂದ ನೋಡುವವರನ್ನು ಯಾರೂ ಗದರಲಿಲ್ಲ; ಹುಡುಗಿಯರಿಗೆ ಮಾತ್ರ ಏಣಿ ಹತ್ತಬಾರದೆಂಬ ನಿಯಮವಾಯಿತು. ಇದನ್ನು ಸಣ್ಣ ಸಂಗತಿ ಎನ್ನುವವರೊಡನೆ ನನಗೆ ಮಾತಿಲ್ಲ. ನಾಲ್ಕು ವರ್ಷ ಮನವಿ ಬರೆದೆ. ಕಡೆಗೆ ಹೊರಗೋಡೆಗೆ ಒಂದು ಕಬ್ಬಿಣದ ಮೆಟ್ಟಿಲು ಮಂಜೂರಾಯಿತು.

ಕೆಲಸವನ್ನು ದೂರದ ದೊಡ್ಡ ಗುತ್ತಿಗೆದಾರರಿಗೆ ಕೊಡದೆ ನಮ್ಮ ಭಾಗದ ಕೈಕಸುಬಿನವರಿಗೆ ಕೊಡಬೇಕೆಂದು ವಾದಿಸಿದವಳೂ ನಾನೇ. ಸಮಿತಿಯವರು ಒಪ್ಪಿ, ನನ್ನ ತಮ್ಮ ಸಿದ್ಧರಾಮನ ಹೆಸರನ್ನು ಎತ್ತಿದರು. ಅಪ್ಪನ ಅಂಗಡಿಯನ್ನು ಈಗ ನಡೆಸುತ್ತಿರುವವನು ಅವನು. ಸ್ವಜನಪಕ್ಷಪಾತ ಎಂಬ ಶಬ್ದವನ್ನು ಎಷ್ಟೋ ಜನರ ಮೇಲೆ ಎಸೆದವಳಾದ್ದರಿಂದ ನಾನು ತಕ್ಷಣ ಎದ್ದು ಹೊರಗೆ ಹೋದೆ. ಕೆಲಸ ಅವನಿಗೇ ಆಯಿತು; ನಾನು ಹೊರಗೆ ಹೋದದ್ದನ್ನು ನಡಾವಳಿಯಲ್ಲಿ ಬರೆಸಿದೆ. ಬಾಗಿಲಿಗೆ ಕಿವಿಗೊಟ್ಟು ನಿಂತದ್ದನ್ನು ಬರೆಸಲಿಲ್ಲ.

ಮೆಟ್ಟಿಲು ಸೋಮವಾರ ತೆರೆಯಬೇಕಿತ್ತು. ಶನಿವಾರ ಮಧ್ಯಾಹ್ನ ನಾನು ಹೋದಾಗ ಹಸಿರು ಬಣ್ಣ ಬಳಿದು ಮುಗಿದಿತ್ತು. ಹುಡುಗಿಯರು ಕೆಳಗಿನ ಮೆಟ್ಟಿಲಿನ ಮುಂದೆ ರಂಗೋಲಿಯ ಚುಕ್ಕಿ ಇಡುತ್ತಾ, ಯಾರು ಮೊದಲು ಹತ್ತಬೇಕೆಂದು ಜಗಳವಾಡುತ್ತಿದ್ದರು. ನಾನು ಅಭ್ಯಾಸಬಲದಿಂದ ಅಡಿಗೆ ನುಸುಳಿದೆ.

ಮೆಟ್ಟಿಲುಗಳನ್ನು ಹೊತ್ತ ಎರಡು ಉದ್ದನೆಯ ಚಾನಲ್ ಕಬ್ಬಿಣಗಳಿಗೆ ಮಧ್ಯದಲ್ಲಿ ಒಂದೊಂದು ಬೆಸೆದ ಜೋಡು ಇತ್ತು. ಮೇಲಿನಿಂದ ಅಲೆಗಳು ಅಪ್ಪನ ಕೈಯವೇ ಎನ್ನುವಷ್ಟು ಚೆಂದ. ಹಿಂದೆ ಉಬ್ಬುಗೆರೆ ಇರಲಿಲ್ಲ. ಬಣ್ಣವನ್ನು ಉಗುರಿನಿಂದ ಕೆರೆದೆ. ಎರಡು ತುಂಡುಗಳ ಅಂಚುಗಳು, ತಮಗೇನೂ ಆಗಿಯೇ ಇಲ್ಲವೆಂಬಂತೆ, ಬೇರೆ ಬೇರೆಯಾಗಿ ನಿಂತಿದ್ದವು. ನಡುವೆ ನೂಲಿನಷ್ಟು ಕಪ್ಪು ಸಂದು.

“ಮೇಡಂ, ಏನ್ ಕಳಕೊಂಡ್ರಿ? ಕಿವ್ಯಾನ ವಾಲಿ ಏನ್ರಿ?” ಎಂದು ಕಮಲಾಬಾಯಿ ಬಗ್ಗಿದರು.

“ಇಲ್ರಿ. ಸುಮ್ನ ನೋಡಾಕತ್ತೇನಿ.”

ಸುಮ್ಮನೆ ಎಂಬ ಆ ಒಂದು ಶಬ್ದವನ್ನು ನಾನು ಇಂದಿಗೂ ಕ್ಷಮಿಸಿಕೊಂಡಿಲ್ಲ. ಅದೇ ಜಾಗದಲ್ಲಿ ಬೇರೆಯವನ ಕೆಲಸವಿದ್ದಿದ್ದರೆ ರಂಗೋಲಿ ನಿಲ್ಲಿಸಿ, ಮೆಟ್ಟಿಲಿಗೆ ಹಗ್ಗ ಕಟ್ಟಿಸಿ, ಅಲ್ಲಿಯೇ ಅರ್ಜಿ ಬರೆಯಲು ಕಾಗದ ಕೇಳುತ್ತಿದ್ದೆ. ಆ ದಿನ ಒಬ್ಬ ಹುಡುಗಿ ನಾಲ್ಕನೆಯ ಮೆಟ್ಟಿಲಿನವರೆಗೆ ಓಡಿ ಹತ್ತಿ ಧಡಧಡ ಇಳಿದಾಗ ಮಾತ್ರ ಗದರಿದೆ. ಕಾರಣ ಕೇಳಿದಳು. ಬಣ್ಣ ಹಸಿ ಇದೆ ಎಂದೆ. ಅವಳು ಬೆರಳಿನಿಂದ ಮುಟ್ಟಿ ನೋಡಿ, ಒಣಗಿದೆ ಎಂಬುದನ್ನು ನನಗೆ ಹೇಳದೆ ಹೋದಳು.

ಹೊರಡುವಾಗ ಸೋಮವಾರದವರೆಗೆ ಯಾರನ್ನೂ ಹತ್ತಗೊಡಬೇಡಿರೆಂದು ಕಮಲಾಬಾಯಿಯವರಿಂದ ಮಾತು ತೆಗೆದುಕೊಂಡೆ. ಕಾರಣ ಅವರಿಗೂ ಹೇಳಲಿಲ್ಲ. ರಾತ್ರಿ ನಿದ್ದೆ ಬರಲಿಲ್ಲ. ಮೆಟ್ಟಿಲಿನ ಮೇಲೆ ಏಕಕಾಲಕ್ಕೆ ಎಷ್ಟು ಹುಡುಗಿಯರು ನಿಲ್ಲಬಹುದು, ಅವರ ಪಾಟೀಚೀಲ ಎಷ್ಟು ಭಾರ ಎಂದು ಯೋಚಿಸುತ್ತಾ ಬೆಳಗು ಮಾಡಿ, ಭಾನುವಾರದ ಮೊದಲ ಬಸ್ಸಿಗೆ ಆಳಂದದ ಹಾದಿ ಹಿಡಿದೆ.

ಸಿದ್ಧರಾಮ ಅಂಗಡಿಯ ಮುಂದೆ ಚಹಾ ಕುಡಿಯುತ್ತಿದ್ದ. “ಬಾ ಅಕ್ಕ. ಇವತ್ತ ಯಾರ ಮ್ಯಾಲ ಅರ್ಜಿ?”

ನಾನು ಅವನ ಮಗಳ ಪರೀಕ್ಷೆಯನ್ನು ವಿಚಾರಿಸಿದೆ. ತೊಗರಿಯ ಧಾರಣೆಯನ್ನು ವಿಚಾರಿಸಿದೆ. ಹೆಂಡತಿಯ ಮಂಡಿನೋವನ್ನು ವಿಚಾರಿಸಿದೆ. ಅವನು ಲೋಟ ಕೆಳಗಿಟ್ಟ.

“ನಿನಗ ತೊಗರಿ ಧಾರಣಿ ಬೇಕಾಗಿ ಯಾವ ಕಾಲ ಆತು? ಹೇಳು, ಏನದ?”

“ಮೆಟ್ಟಲದ ಚಾನಲ್ ಜೋಡ ಅದಲ್ಲ ತಮ್ಮಾ. ಹಿಂದ ಬೇರ ಕಾಣಸಲಿಲ್ಲ.”

“ಯಾವ ಕಡಿದು?”

“ಎರಡೂ.”

“ಪೇಂಟ್ ತುಂಬಿರ್ತದ.”

“ಪೇಂಟ್ ಕೆರದು ನೋಡೀನಿ. ಅಂಚು ಅಂಚಿನ್ಹಂಗೇ ಅವ.”

ಅವನು ಲೋಟದಲ್ಲಿ ಉಳಿದ ಚಹಾವನ್ನು ರಸ್ತೆಗೆ ಚೆಲ್ಲಿದ. “ಅಪ್ಪ ಹೋದ ಮ್ಯಾಲ ನನ್ನ ಕೆಲಸ ಹೊಳ್ಳಿಸಿ ನೋಡಿದವರು ಯಾರೂ ಇದ್ದಿಲ್ಲ” ಎಂದ. ಆಮೇಲೆ, “ಒಂದ್ ಕೇಳ್ತೇನಿ. ಬ್ಯಾರೇದವರು ಮಾಡಿದ್ರ ನಿನ್ನೇನೇ ನಾಕು ಪಾನಾ ಬರದು ಕಳಸ್ತಿದ್ದಿ. ನನಗ ಯಾಕ ಬಸ್ ಹಿಡದು ಬಂದಿ? ಮರ್ಯಾದಿ ಉಳಸಾಕೇನು? ನಂದೋ, ನಿಂದೋ?”

ನಾನು ಅಂಗಡಿಯ ಮುಂದಿದ್ದ ಟ್ರಾಲಿಯ ಅಡಿಯನ್ನು ನೋಡಲು ಬಗ್ಗಿದೆ.

“ಬಾ” ಎಂದು ಅವನೇ ಎದ್ದ. “ಕಡದೇ ನೋಡೂಣು.”

ಗ್ರೈಂಡರು, ಸುತ್ತಿಗೆ, ಉಳಿಗಳನ್ನು ಚೀಲಕ್ಕೆ ತುಂಬಿ ನನ್ನ ತೊಡೆಯ ಮೇಲಿಟ್ಟ. ಮೋಟಾರ್ ಸೈಕಲ್ಲಿನ ಮೇಲೆ ಅಫಜಲಪುರದ ಮಾರ್ಗವಾಗಿ ಭೀಮೆಯನ್ನು ದಾಟಿ ಹೋದೆವು. ಅಷ್ಟು ದೂರದ ಹಾದಿಯಲ್ಲಿ ಅವನು ಆಡಿದ್ದು ಎರಡೇ ಮಾತು: “ಗಟ್ಟಿ ಹಿಡಕೋ” ಮತ್ತು “ನನ್ನಲ್ಲ, ಚೀಲ.” ನನ್ನ ಕಣ್ಣೆದುರು ಮಾತ್ರ ಎರಡು ಚಿತ್ರಗಳು ಸರದಿಯಲ್ಲಿ ಬರುತ್ತಿದ್ದವು. ಬೆಸುಗೆ ಗಟ್ಟಿಯಿದ್ದು, ಕಾರಣವಿಲ್ಲದೆ ತಮ್ಮನನ್ನು ಅವಮಾನಿಸಿದ ಅಕ್ಕ. ಬೆಸುಗೆ ಟೊಳ್ಳಾಗಿದ್ದು, ತಮ್ಮನ ಕಸುಬನ್ನು ಮೂರು ತಾಲ್ಲೂಕಿನಲ್ಲಿ ಮುಗಿಸಿದ ಅಕ್ಕ. ಯಾವುದು ಬೇಕೆಂದು ಆಯ್ದುಕೊಳ್ಳಲು ಆಗದೆ, ಮೂರನೆಯದೊಂದು ಚಿತ್ರ ಬರಬಾರದೆಂದು ಚೀಲವನ್ನು ಬಿಗಿಯಾಗಿ ಅಪ್ಪಿಕೊಂಡೆ. ಆ ಮೂರನೆಯದರಲ್ಲಿ ಹುಡುಗಿಯರಿದ್ದರು.

ಕಮಲಾಬಾಯಿಯವರನ್ನು ಮನೆಯಿಂದ ಕರೆಸಿದೆವು. ಸಿದ್ಧರಾಮ ಮೊದಲು ಮೆಟ್ಟಿಲಿಗೆ ಕೆಳಗಿನಿಂದ ಕಬ್ಬಿಣದ ಪೈಪುಗಳ ಆನಿಕೆ ಕೊಟ್ಟ. ಬಲಗಡೆಯ ಜೋಡಿನ ಬೆನ್ನ ಮೇಲೆ ಗ್ರೈಂಡರಿನಿಂದ ತೆಳ್ಳನೆಯ ಗೀರು ಹಾಕಿ, ಅದಕ್ಕೆ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದ. ಮೂರನೆಯ ಏಟಿಗೆ ಜೋಡು ಬಾಯಿ ಬಿಟ್ಟಿತು. ಅವನು ಟಾರ್ಚ್ ಹಿಡಿದು ಒಳಗೆ ನೋಡಿದ. ನಾನೂ ನೋಡಿದೆ. ಮೇಲರ್ಧ ಕರಗಿ ಕೂಡಿತ್ತು. ಕೆಳಗರ್ಧದಲ್ಲಿ, ಬೆಸೆಯುವ ಮುನ್ನ ಅಂಚನ್ನು ಓರೆ ಮಾಡಲು ಅವನೇ ಉಜ್ಜಿದ್ದ ಗೀರುಗಳು ಮಾಸದೆ ಉಳಿದಿದ್ದವು. ಬೆಂಕಿ ಅಲ್ಲಿಗೆ ತಲುಪಿಯೇ ಇರಲಿಲ್ಲ.

ಕಮಲಾಬಾಯಿ ಸೆರಗನ್ನು ಬಾಯಿಗೆ ಹಿಡಿದರು. “ನಾಳಿಗಿ ನಮ್ಮ ಹುಡುಗ್ಯಾರೆಲ್ಲಾ ಇದರ ಮ್ಯಾಲ ನಿಂತು ಫೋಟೋ ತಗಸಬೇಕಂತಿದ್ರಲ್ರಿ.”

ಸಿದ್ಧರಾಮ ನೆಲಕ್ಕೆ ಕುಳಿತ. “ಬೇರ ಇಳೀಲಂತ ಸಂದು ಬಿಟ್ಟೀನಿ. ಅಂಚು ಉಜ್ಜೀನಿ. ಕೈಯಾಗ ಫರಕ್ ಇರ್ಲಿಲ್ಲಕ್ಕ. ಕರೆಂಟಿನ್ಯಾಗ ದಮ್ ಇರ್ಲಿಲ್ಲ. ಇಲ್ಲಿ ತ್ರೀ ಫೇಸ್ ಬರೋದು ಹಗಲ ಒಂದೀಟು ತಾಸು. ಅದು ಬಂತಂದ್ರ ಹೊಳಿ ದಂಡಿ ಪಂಪ್ ಸೆಟ್ ಎಲ್ಲಾ ಒಮ್ಮೆಲೇ ಸುರು. ಕಡ್ಡಿ ಕಬ್ಬಣಕ್ಕ ಅಂಟ್ಕೊಂಡು ನಿಂತುಬಿಡ್ತದ. ಮೆಲ್ಲಗ ಕೈ ನಡಸಿದೆ. ಮ್ಯಾಲ ತುಂಬಿ ಬಂತು, ಚಂದ ಕಾಣಸ್ತು, ಮೋಸ ಹೋದೆ.”

“ಜನರೇಟರ್ ತರಬೇಕಿತ್ತಲ್ಲೋ” ಎಂದೆ.

ಆಡಿದ ಮಾತು ಬಾಯಿಂದ ಪೂರ್ತಿ ಹೊರಬೀಳುವ ಮೊದಲೇ ಅದನ್ನು ಹಿಂದಕ್ಕೆ ನುಂಗಲು ನೋಡಿದೆ.

“ತಂದಿದ್ದೆ. ಟ್ರಾಲಿಗಿ ಕಟ್ಟಿ ನೆಲೋಗಿತನಕ ಬಂದಿತ್ತು. ಬ್ಯಾಡ ಅಂತ ಹೆಡ್ ಮೇಡಂ ಫೋನ್ ಮಾಡಿದ್ರು. ಯಾರೋ ಅರ್ಜಿ ಕೊಟ್ಟಾರಂದ್ರು.”

ಕಮಲಾಬಾಯಿ ಗೋಡೆಯ ಮೇಲಿನ ಗಾದೆಮಾತೊಂದನ್ನು ಮೊದಲ ಬಾರಿಗೆ ಓದುವವರಂತೆ ಓದತೊಡಗಿದರು.

“ನನ್ನ ಹೆಸರು ಹೇಳಿದ್ರೇನು?” ಎಂದು ಕೇಳಿದೆ.

“ಹೇಳಲಿಲ್ಲ. ನಾನೂ ಕೇಳಲಿಲ್ಲ. ಒಂದ್ ಸಾಲು ಓದಿ ಹೇಳಿದ್ರು. ಮಕ್ಕಳ ಶ್ರವಣೇಂದ್ರಿಯ ಅಂತ ಬರ್ಯೋರು ಆಳಂದ, ಅಫಜಲಪೂರ, ಜೇವರ್ಗಿ ಮೂರೂ ಕಡಿ ಹುಡುಕಿದ್ರ ಮತ್ಯಾರು ಸಿಗ್ತಾರ?”

ಹೌದು. ಡೀಸೆಲ್ ಜನರೇಟರಿನ ಹೊಗೆ ಮತ್ತು ಸದ್ದಿನಿಂದ ಮಕ್ಕಳ ಶ್ವಾಸಕೋಶಕ್ಕೂ ಶ್ರವಣೇಂದ್ರಿಯಕ್ಕೂ ಒದಗುವ ಹಾನಿಯನ್ನು ಕುರಿತು ನಾನು ಎರಡು ಪುಟ ಬರೆದಿದ್ದೆ. ಇಪ್ಪತ್ತು ವರ್ಷಗಳ ಹೋರಾಟದಲ್ಲಿ ಮರುದಿನವೇ ಫಲ ಕೊಟ್ಟ ನನ್ನ ಏಕೈಕ ಮನವಿ ಅದು. ಎಷ್ಟು ಹಿಗ್ಗಿದ್ದೆನೆಂದರೆ ಅದರ ನಕಲನ್ನು ಕಾಲೇಜಿನ ವಿದ್ಯಾರ್ಥಿಗಳಿಗೆ ಮಾದರಿಯಾಗಿ ಓದಿ ಹೇಳಿದ್ದೆ. ಬೆಸುಗೆಗೆ ಬೇರು ಬೇಕಾದರೆ ಕರೆಂಟಿಗೆ ಬಲ ಬೇಕೆಂಬುದನ್ನು ಮಿಲ್ಲಿನ ಸಾಲಿನಲ್ಲಿ ಬೆಳೆದ ನಾನು ಹದಿನಾಲ್ಕರಲ್ಲೇ ಬಲ್ಲವಳು. ಮನವಿ ಬರೆಯುವ ಕೈಗೆ ಮಾತ್ರ ಅದು ನೆನಪಿಗೆ ಬರಲಿಲ್ಲ. ಪಾಠವನ್ನು ನಾಲ್ಕು ದಿನ ಬೇರೆಡೆಗೆ ಒಯ್ದು ಜನರೇಟರ್ ಓಡಿಸಬಹುದಿತ್ತು ಎಂಬ ಸರಳ ಉಪಾಯ ಆ ಎರಡು ಪುಟಗಳಲ್ಲಿ ಎಲ್ಲಿಯೂ ಇಲ್ಲ. ‘ತಕ್ಷಣ’ ಎಂಬ ಶಬ್ದ ಮೂರು ಕಡೆ ಇದೆ.

“ನಂದೂ ತಪ್ಪದ” ಎಂದ ಸಿದ್ಧರಾಮ, ನನ್ನ ಮುಖ ನೋಡಿ. “ಕೆಲಸ ಬಿಟ್ಟು ಬರಬೇಕಿತ್ತು. ನೀ ದಿನಾ ಸೋಮವಾರ, ಸೋಮವಾರ ಅಂತ ಫೋನ್ ಹಚ್ತಿದ್ದಿ. ನಿನಗ ಇಲ್ಲಂದು ಯಾರಿಗೆ ಹಳಹಳಿ ಬೇಕು.”

ಸೋಮವಾರ ಪ್ರಾರ್ಥನೆಯ ಸಾಲಿನ ಮುಂದೆ ನಾನೇ ನಿಂತೆ. ಮೆಟ್ಟಿಲು ಇಂದು ತೆರೆಯುವುದಿಲ್ಲ, ಅದರ ಬೆಸುಗೆ ಕೆಟ್ಟಿದೆ, ಕೆಡಲು ನಾನು ಬರೆದ ಒಂದು ಪತ್ರ ಕಾರಣ, ಅದನ್ನು ಕಂಡೂ ಶನಿವಾರ ನಿಮಗೆ ಬಣ್ಣದ ನೆಪ ಹೇಳಿದೆ ಎಂದೆ. ಬೇರೆಯವರ ತಪ್ಪನ್ನು ಹೇಳುವಾಗ ನನ್ನ ದನಿ ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟುತ್ತದೆ. ಅಂದು ಮುಂದಿನ ಸಾಲಿನ ಹುಡುಗಿಯೇ, “ಜೋರಾಗಿ ಹೇಳ್ರಿ ಮೇಡಂ, ಹಿಂದ ಕೇಳವಲ್ತು” ಎಂದಳು. ಮತ್ತೊಮ್ಮೆ ಹೇಳಿದೆ. ಶನಿವಾರ ಬಣ್ಣ ಮುಟ್ಟಿ ನೋಡಿದ್ದವಳು ಮೂರನೆಯ ಸಾಲಿನಲ್ಲಿದ್ದಳು. ಅವಳು ನನ್ನನ್ನು ನೋಡಲಿಲ್ಲ. ತನ್ನ ಬೆರಳನ್ನು ನೋಡಿಕೊಂಡಳು.

ಮಂಗಳವಾರ ತರಗತಿಗಳು ಸಮುದಾಯ ಭವನಕ್ಕೆ ಹೋದವು. ಟ್ರಾಲಿಯ ಮೇಲೆ ಜನರೇಟರ್ ಬಂತು. ಅದರ ಸದ್ದಿನ ವಿಷಯದಲ್ಲಿ ನನ್ನ ಮನವಿ ಅಕ್ಷರಶಃ ಸತ್ಯವಾಗಿತ್ತೆಂದು ದಾಖಲಿಸಲೇಬೇಕು. ಸಿದ್ಧರಾಮ ಚಾನಲ್ಲಿನ ಎರಡನ್ನಷ್ಟೇ ಅಲ್ಲ, ಆ ಕರೆಂಟಿನಲ್ಲಿ ಬೆಸೆದಿದ್ದ ಎಲ್ಲ ಜೋಡುಗಳನ್ನೂ ಒಂದೊಂದಾಗಿ ಕೊರೆದು ತೆಗೆದು, ಅಂಚನ್ನು ಮತ್ತೆ ಓರೆಯಾಗಿ ಉಜ್ಜಿ, ನಡುವೆ ಕಡ್ಡಿಯ ದಪ್ಪದಷ್ಟು ಸಂದು ಬಿಟ್ಟು, ಮೊದಲ ಸಾಲನ್ನು ತಳಕ್ಕೆ ಇಳಿಸಿದ. ಕಿಟ್ಟವನ್ನು ಕುಟ್ಟಿ ಉದುರಿಸಿ, ಬ್ರಷ್ಷಿನಿಂದ ತಿಕ್ಕಿ, ಆಮೇಲೆ ಎರಡನೆಯ ಸಾಲು. ಪ್ರತಿ ಜೋಡು ತಣಿದ ಮೇಲೆ ನನ್ನನ್ನು ಕರೆದು, “ಹೊಳ್ಳಿ ನೋಡು” ಎನ್ನುತ್ತಿದ್ದ. ಬೆನ್ನಿನಲ್ಲಿ ಉಬ್ಬುಗೆರೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಾಣುತ್ತಿತ್ತು. ನಾನು ಬೆರಳಾಡಿಸಿ ನೋಡಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೋಗಿ ನೋಡುತ್ತಿದ್ದೆ. ಊಟದ ನಂತರ ಇನ್ನೊಮ್ಮೆ. ಗೆರೆ ಎದ್ದು ಹೋಗುವುದೇನೋ ಎಂಬ ಹಾಗೆ.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಕಡೆಯ ಜೋಡೂ ಮುಗಿದು, ಜನರೇಟರ್ ನಿಂತು, ಮಕ್ಕಳು ಭವನದಿಂದ ಹಿಂದಿರುಗತೊಡಗಿದರು. ನನಗೆ ಇನ್ನೂ ಸಮಾಧಾನವಿಲ್ಲ. ಅದೇ ಚಾನಲ್ಲಿನ ಎರಡು ಚೂರುಗಳನ್ನು, ಅದೇ ಕಡ್ಡಿಯಿಂದ, ಅದೇ ಕರೆಂಟಿನಲ್ಲಿ ಬೆಸೆದು ಇಟ್ಟಿರೆಂದು ಮೊದಲೇ ಹೇಳಿದ್ದೆ. ಸಿದ್ಧರಾಮ ಆ ಬೆಸೆದ ತುಂಡನ್ನು ಟ್ರಾಲಿಯ ಮೇಲಿನ ವೈಸ್ ಇಕ್ಕಳಕ್ಕೆ ಬಿಗಿದು ದೊಡ್ಡ ಸುತ್ತಿಗೆ ಎತ್ತಿದ. ಬೆಸುಗೆ ಕೆಟ್ಟಿದ್ದರೆ ಮುರಿಯುತ್ತದೆ, ಸರಿಯಿದ್ದರೆ ಬಾಗುತ್ತದೆ. ಹೊಡೆದ. ಬಾಗಿತು.

“ಸಾಕೇನಕ್ಕ?”

“ಇನ್ನೊಂದು ಹೊಡಿ.”

ಹೊಡೆದ. ಇನ್ನಷ್ಟು ಬಾಗಿತು. ಬೆಸುಗೆಯ ಮೇಲೆ ಕೂದಲಿನಷ್ಟೂ ಬಿರುಕಿಲ್ಲ.

“ಈಗರೆ?”

“ಇನ್ನೊಂದು.”

“ಅಕ್ಕ, ಇದು ಕುದುರಿ ಲಾಳ ಆಗಾಕತ್ತದ. ಇನ್ನೊಂದ್ ಹೊಡದ್ರ ಕುದುರೀನ ಹುಡುಕಬೇಕಾಗ್ತದ.”

“ಹೊಡಿ ಅಂದ್ನಲ್ಲ.”

ಎಷ್ಟು ಏಟಾದವೋ ನಾನು ಲೆಕ್ಕವಿಡಲಿಲ್ಲ. ತುಂಡಿನ ಎರಡು ತುದಿಗಳು ಒಂದನ್ನೊಂದು ಮುಟ್ಟುವುದಿತ್ತು. ನಾನು ಕನ್ನಡಕ ಸರಿಪಡಿಸಿಕೊಂಡು ಬಾಗಿದ ಬೆಸುಗೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಬಿರುಕಿಗಾಗಿ ಹುಡುಕುತ್ತಿದ್ದೆ. ಆಗ ಕಮಲಾಬಾಯಿ ನನ್ನ ಭುಜವನ್ನು ಮೆಲ್ಲಗೆ ತಟ್ಟಿದರು.

“ಮೇಡಂ, ಜರಾ ಮ್ಯಾಲ ನೋಡ್ರಿ.”

ತಲೆಯೆತ್ತಿದೆ. ನಮ್ಮ ಮೂವರ ಕಣ್ಣೂ ಆ ಕಬ್ಬಿಣದ ತುಂಡಿನ ಮೇಲೆ ನೆಟ್ಟಿದ್ದ ಹೊತ್ತಿನಲ್ಲಿ ಹುಡುಗಿಯರು ಮೆಟ್ಟಿಲು ಹತ್ತಿಬಿಟ್ಟಿದ್ದರು. ಯಾರು ಮೊದಲು ಎಂಬ ಜಗಳ ಯಾವಾಗ ತೀರಿತೋ ತಿಳಿಯದು. ಕೆಲವರು ಗ್ರಂಥಾಲಯದ ಬಾಗಿಲಲ್ಲಿ ನಿಂತಿದ್ದರು. ಉಳಿದವರು ಮೆಟ್ಟಿಲಿಗೆ ಮೂವರಂತೆ ಕುಳಿತು, ಮೊಣಕಾಲಿಗೆ ಗಲ್ಲ ಊರಿ, ಸುತ್ತಿಗೆಯ ಆಟವನ್ನು ಆಸಕ್ತಿಯಿಂದ ನೋಡುತ್ತಿದ್ದರು. ಬಣ್ಣ ಮುಟ್ಟಿದ್ದ ಹುಡುಗಿ ಬಲಗಡೆಯ ಜೋಡಿನ ನೇರ ಮೇಲೆ ಒಂದು ಪುಸ್ತಕ ತೆರೆದುಕೊಂಡು ಕೂತಿದ್ದಳು.

“ಇಳೀರಿ” ಎನ್ನಲು ಬಾಯಿ ತೆರೆದೆ. ಯಾಕೆಂದು ಅವಳು ಕೇಳಿಯೇ ಕೇಳುತ್ತಿದ್ದಳು. ಹೇಳಲು ನನ್ನಲ್ಲಿ ಭಯವಿತ್ತು, ಕಾರಣ ಇರಲಿಲ್ಲ. ಅವಳು ಹಾಳೆ ತಿರುವಿದಳು. ನಾನು ಬಾಯಿ ಮುಚ್ಚಿದೆ.